ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ ಹ್ಯೂಮನ್ ಸರ್ವೀಸಸ್: ಸೇರುವ ಮೊದಲಿನಿಂದ ಫೀಲ್ಡ್‌ವರ್ಕ್ ಮುಗಿಯುವ ತನಕ

ಎರಡು ತಿಂಗಳ ಬಾಡಿಗೆ ಬಾಕಿಯಾಗಿ ಮನೆ ಬಿಡುವ ಹಂತಕ್ಕೆ ಬಂದ ಕುಟುಂಬ, ಹೊಡೆತ ತಾಳಲಾರದೆ ನಡುರಾತ್ರಿ ಫೋನ್ ಮಾಡುವ ಹೆಂಗಸು, ಜೈಲಿನಿಂದ ಹೊರಬಂದು ಕೆಲಸ ಹುಡುಕುತ್ತಿರುವ ಹುಡುಗ, ಮಾತಾಡಿಸುವವರಿಲ್ಲದ ವೃದ್ಧರು. ಇಂಥವರ ಎದುರು ಕೂತು ಅವರ ಮಾತು ಕೇಳುವುದು, ಯಾವ ನೆರವು ಎಲ್ಲಿದೆ ಎಂದು ಪತ್ತೆ ಮಾಡುವುದು, ಅರ್ಜಿ ತುಂಬಿಸುವುದು, ಅದು ಕೈಸೇರುವ ತನಕ ಬೆನ್ನು ಬಿಡದಿರುವುದು: ಇದನ್ನು ಕಲಿಸುವ ಓದೇ ಹ್ಯೂಮನ್ ಸರ್ವೀಸಸ್. 1963ರಲ್ಲಿ ಅಧ್ಯಕ್ಷ ಕೆನಡಿ ಸಹಿ ಹಾಕಿದ ಕಮ್ಯುನಿಟಿ ಮೆಂಟಲ್ ಹೆಲ್ತ್ ಕಾಯ್ದೆಯ ನಂತರ ಮಾನಸಿಕ ರೋಗಿಗಳ ಆರೈಕೆ ದೊಡ್ಡ ಆಸ್ಪತ್ರೆಗಳಿಂದ ಊರಿನ ಕೇಂದ್ರಗಳತ್ತ ಸರಿಯಿತು. ಅಲ್ಲಿ ದುಡಿಯಲು ಜನ ಬೇಕಾದಾಗ ಕಮ್ಯುನಿಟಿ ಕಾಲೇಜುಗಳಲ್ಲಿ, ಅಂದರೆ ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜುಗಳಲ್ಲಿ, ಈ ಕೋರ್ಸುಗಳು ಬೆಳೆದವು.

ಪಾಠ ಕಷ್ಟವಾಗಿ ಈ ಓದು ಕೈಬಿಟ್ಟವರು ಕಡಿಮೆ. ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವ ಮೊದಲೇ ಮೊದಲ ಕ್ಲಾಸಿಗೆ ಹೆಸರು ಬರೆಸಿ, ಎರಡು ವರ್ಷದ ನಂತರ ‘ಇದು ಬೇಕಿರಲಿಲ್ಲ’ ಎನ್ನುವವರೇ ಹೆಚ್ಚು. ಹಾಗಾಗಿ ಕೊನೆಯಿಂದಲೇ ಶುರು ಮಾಡೋಣ. ಶುಲ್ಕ ಮತ್ತು ನಿಯಮಗಳ ವಿವರ ಕ್ಯಾಲಿಫೋರ್ನಿಯಾದ್ದು. ಬೇರೆ ರಾಜ್ಯದಲ್ಲಿ ಅಂಕಿಗಳು ಬದಲಾಗುತ್ತವೆ, ಕೆಲಸದ ಕ್ರಮ ಬದಲಾಗುವುದಿಲ್ಲ.

ಈ ಡಿಗ್ರಿ ಎಲ್ಲಿಯ ತನಕ ಒಯ್ಯುತ್ತದೆ

ಅಸೋಸಿಯೇಟ್ ಡಿಗ್ರಿ ಎಂದರೆ ಸುಮಾರು 60 ಯೂನಿಟ್ (ವಾರಕ್ಕೆ ಒಂದು ಗಂಟೆಯ ಪಾಠಕ್ಕೆ ಒಂದು ಯೂನಿಟ್), ಪೂರ್ಣಾವಧಿ ಓದಿದರೆ ಎರಡು ವರ್ಷ. ಸರ್ಟಿಫಿಕೇಟುಗಳು ಸಾಮಾನ್ಯವಾಗಿ 15ರಿಂದ 30 ಯೂನಿಟ್. ಇವುಗಳಿಂದ ಸಿಗುವ ಕೆಲಸಗಳು ಕೇಸ್ ಮ್ಯಾನೇಜ್‌ಮೆಂಟ್ ಸಹಾಯಕ, ಶೆಲ್ಟರ್ ಸಿಬ್ಬಂದಿ, ಹೊಸದಾಗಿ ಬಂದವರ ವಿವರ ಬರೆದುಕೊಳ್ಳುವ ಇಂಟೇಕ್ ವರ್ಕರ್, ಕಮ್ಯುನಿಟಿ ಹೆಲ್ತ್ ವರ್ಕರ್ ಇತ್ಯಾದಿ. ಸರ್ಕಾರದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2023ರಲ್ಲಿ ಇಂಥ ಸಹಾಯಕ ಹುದ್ದೆಗಳ ನಡುಮಟ್ಟದ ವಾರ್ಷಿಕ ವೇತನ ಸುಮಾರು 41,000 ಡಾಲರ್. ಅಂದರೆ ಅರ್ಧದಷ್ಟು ಜನರಿಗೆ ಅದಕ್ಕಿಂತ ಕಡಿಮೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಈ ಸಂಬಳವೊಂದರಲ್ಲೇ ಸಂಸಾರ ನಡೆಸುವುದು ಕಷ್ಟ. ಇದನ್ನು ಮನೆಯಲ್ಲಿ ಕೂತು ಮಾತಾಡಿಯೇ ಮುಂದಕ್ಕೆ ಹೆಜ್ಜೆ ಇಡಿ.

ಇದು ಸೋಶಿಯಲ್ ವರ್ಕ್ ಡಿಗ್ರಿ ಅಲ್ಲ. ಹಲವು ರಾಜ್ಯಗಳಲ್ಲಿ ‘ಸೋಶಿಯಲ್ ವರ್ಕರ್’ ಎಂಬ ಹೆಸರಿಗೇ ಕಾನೂನಿನ ರಕ್ಷಣೆಯಿದೆ, ಓದಿಲ್ಲದವರು ಆ ಹೆಸರು ಹಾಕಿಕೊಳ್ಳುವಂತಿಲ್ಲ. ಸೋಶಿಯಲ್ ವರ್ಕರ್ ಆಗಲು ಸಿಎಸ್‌ಡಬ್ಲ್ಯೂಇ (ಅಮೆರಿಕದ ಸೋಶಿಯಲ್ ವರ್ಕ್ ಶಿಕ್ಷಣ ಮಂಡಳಿ) ಮಾನ್ಯತೆಯ ಬಿಎಸ್‌ಡಬ್ಲ್ಯೂ (ಸೋಶಿಯಲ್ ವರ್ಕ್ ಬ್ಯಾಚುಲರ್ ಡಿಗ್ರಿ) ಅಥವಾ ಎಂಎಸ್‌ಡಬ್ಲ್ಯೂ (ಮಾಸ್ಟರ್ಸ್ ಡಿಗ್ರಿ) ಬೇಕು. ಕ್ಲಿನಿಕಲ್ ಲೈಸೆನ್ಸ್ (ಸ್ವತಂತ್ರವಾಗಿ ಮನೋಚಿಕಿತ್ಸೆ ನೀಡುವ ಪರವಾನಗಿ) ಬೇಕಿದ್ದರೆ ಎಂಎಸ್‌ಡಬ್ಲ್ಯೂ ನಂತರ ಕ್ಯಾಲಿಫೋರ್ನಿಯಾದಲ್ಲಿ ಮೇಲ್ವಿಚಾರಣೆಯಡಿ 3,000 ಗಂಟೆ ಕೆಲಸ, ಮೇಲೆ ಪರೀಕ್ಷೆ. ಕಮ್ಯುನಿಟಿ ಕಾಲೇಜು ಈ ಏಣಿಯ ಕೆಳಗಿನ ಮೆಟ್ಟಿಲು. ಗಟ್ಟಿ ಮೆಟ್ಟಿಲೇ, ಆದರೆ ಎಲ್ಲರೂ ಅದನ್ನೇ ಹತ್ತಬೇಕಾಗಿಲ್ಲ.

ಕರ್ನಾಟಕದಲ್ಲಿ ಡಿಗ್ರಿ ಮುಗಿಸಿ ಬಂದವರಿಗೆ ಈ ಮಾತು ಬಹಳ ಮುಖ್ಯ. ನಿಮ್ಮ ಬಳಿ ಬಿಇ, ಬಿಎಸ್ಸಿ, ಬಿಕಾಂ ಇದ್ದರೆ ನೇರವಾಗಿ ಎಂಎಸ್‌ಡಬ್ಲ್ಯೂಗೆ ಅರ್ಜಿ ಹಾಕಬಹುದು. ಅದಕ್ಕೆ ಯಾವ ವಿಷಯದ ಬ್ಯಾಚುಲರ್ ಡಿಗ್ರಿಯಾದರೂ ನಡೆಯುತ್ತದೆ. ಆಗ ಕಮ್ಯುನಿಟಿ ಕಾಲೇಜಿನಲ್ಲಿ 60 ಯೂನಿಟ್ ಮುಗಿಸುವ ಅಗತ್ಯವಿಲ್ಲ. ವಿಶ್ವವಿದ್ಯಾಲಯ ಕೇಳುವ ಸ್ಟ್ಯಾಟಿಸ್ಟಿಕ್ಸ್, ಸೈಕಾಲಜಿ, ಮಾನವ ಬೆಳವಣಿಗೆಯಂಥ ಮೂರು-ನಾಲ್ಕು ಕೋರ್ಸು, ಜೊತೆಗೊಂದು ಸಣ್ಣ ಸರ್ಟಿಫಿಕೇಟ್ ಮತ್ತು ಫೀಲ್ಡ್ ಅನುಭವ (ಸೇವಾ ಸಂಸ್ಥೆಯೊಂದರಲ್ಲಿ ನಿಜವಾದ ಕೆಲಸದ ತರಬೇತಿ) ಇದ್ದರೆ ಸಾಕು. ಮೂರು ವರ್ಷದ ಡಿಗ್ರಿಯಾಗಿದ್ದರೆ ಮಾತ್ರ ಎಚ್ಚರ: ಕೆಲವು ವಿಶ್ವವಿದ್ಯಾಲಯಗಳು ಅದನ್ನು ಪೂರ್ಣ ಬ್ಯಾಚುಲರ್ ಎಂದು ಒಪ್ಪುವುದಿಲ್ಲ. ಎಂಎಸ್‌ಡಬ್ಲ್ಯೂ ಪ್ರವೇಶ ಕಚೇರಿಗೆ ಇಮೇಲ್ ಬರೆದು ಉತ್ತರವನ್ನು ಬರಹದಲ್ಲೇ ಪಡೆಯಿರಿ. ಇನ್ನು ಬೆಂಗಳೂರು, ಧಾರವಾಡ, ಮಂಗಳೂರಿನಂಥ ಕಡೆ ಎಂಎಸ್‌ಡಬ್ಲ್ಯೂ ಮುಗಿಸಿಯೇ ಬಂದವರು ಕಮ್ಯುನಿಟಿ ಕಾಲೇಜಿನ ಕಡೆ ನೋಡುವ ಮೊದಲು ಸಿಎಸ್‌ಡಬ್ಲ್ಯೂಇ ನಡೆಸುವ ವಿದೇಶಿ ಸೋಶಿಯಲ್ ವರ್ಕ್ ಪದವಿಗಳ ಮೌಲ್ಯಮಾಪನಕ್ಕೆ ಅರ್ಜಿ ಹಾಕಬೇಕು. ಅಲ್ಲಿ ಸಮಾನತೆ ಸಿಕ್ಕರೆ ಮತ್ತೆ ಓದುವ ವರ್ಷಗಳು ಉಳಿತಾಯವಾಗುತ್ತವೆ.

ಪೂರ್ತಿ ಅಸೋಸಿಯೇಟ್ ಡಿಗ್ರಿ ನಿಜಕ್ಕೂ ಹೊಂದುವುದು ಪಿಯುಸಿ ಅಥವಾ ಹೈಸ್ಕೂಲಿಗೆ ಓದು ನಿಂತವರಿಗೆ, ಇಲ್ಲೇ ಬೆಳೆದು ಈಗ ಕಾಲೇಜಿಗೆ ಹೊರಟ ಮಕ್ಕಳಿಗೆ, ಮತ್ತು ಬೇಗ ಕೆಲಸಕ್ಕೆ ಇಳಿಯಬೇಕೆನ್ನುವವರಿಗೆ.

ವೀಸಾ ಮತ್ತು ಹಣ

ಎಚ್-4ನಲ್ಲಿ (ಎಚ್-1ಬಿ ಕೆಲಸದ ವೀಸಾದವರ ಸಂಗಾತಿ ಮತ್ತು ಮಕ್ಕಳ ವೀಸಾ) ಇರುವವರು ಪೂರ್ಣಾವಧಿಯೋ ಅರೆಕಾಲಿಕವೋ ಓದಬಹುದು, ಬೇರೆ ಅನುಮತಿ ಬೇಕಿಲ್ಲ. ಕೆಲಸ ಮಾಡುವ ಹಾಗಿಲ್ಲ. ಸಂಗಾತಿಯ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿದ್ದರೆ ಅಥವಾ ಅವರ ಎಚ್-1ಬಿ ಆರು ವರ್ಷ ದಾಟಿ ವಿಸ್ತರಣೆಯಾಗಿದ್ದರೆ, 2015ರ ಮೇ ತಿಂಗಳಿಂದ ಜಾರಿಯಲ್ಲಿರುವ ನಿಯಮದಂತೆ ಇಎಡಿಗೆ (ಕೆಲಸದ ಅನುಮತಿ ಪತ್ರ) ಅರ್ಜಿ ಹಾಕಬಹುದು. ಇಎಡಿ ಇಲ್ಲದವರಿಗೆ ಫೀಲ್ಡ್‌ವರ್ಕಿನಲ್ಲಿ ತೊಡಕು ಬರುತ್ತದೆ: ಸ್ಟೈಪೆಂಡ್, ಗಿಫ್ಟ್ ಕಾರ್ಡ್, ಉಚಿತ ವಸತಿ ಕೂಡ ಸಂಭಾವನೆ ಎಂದು ಲೆಕ್ಕಕ್ಕೆ ಬರಬಹುದು. ಸಂಭಾವನೆಯೇ ಇಲ್ಲದ, ಕಾಲೇಜಿನ ಕ್ರೆಡಿಟ್ಟಿಗಾಗಿ ಲಾಭರಹಿತ ಸಂಸ್ಥೆಯಲ್ಲಿ ಮಾಡುವ ಫೀಲ್ಡ್‌ವರ್ಕನ್ನು ಹುಡುಕಿ, ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ವಲಸೆ ವಕೀಲರಿಗೆ ಒಮ್ಮೆ ತೋರಿಸಿ. ಒಂದು ತಾಸಿನ ಶುಲ್ಕ ಉಳಿಸಲು ಹೋಗಿ ಸ್ಟೇಟಸ್ಸನ್ನೇ ಅಪಾಯಕ್ಕೆ ಒಡ್ಡಬೇಡಿ. ಎಚ್-4 ಮಕ್ಕಳಿಗೆ 21 ತುಂಬಿದ ದಿನ ಆ ಸ್ಟೇಟಸ್ ಮುಗಿಯುತ್ತದೆ. 19ಕ್ಕೆ ಸೇರಿದ ಮಗ ಅಥವಾ ಮಗಳಿದ್ದರೆ ಮುಂದಿನ ದಾರಿಯನ್ನು ಮೊದಲ ಸೆಮಿಸ್ಟರಿನಲ್ಲೇ ಯೋಚಿಸಿ.

ಊರಿನಿಂದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಈ ಕೋರ್ಸಿಗೇ ಬರಬೇಕೆಂದಿರುವವರಿಗೆ ನೇರವಾಗಿ ಹೇಳಬೇಕಾದದ್ದು ಇದು: ಸೆಮಿಸ್ಟರಿಗೆ ಕನಿಷ್ಠ 12 ಯೂನಿಟ್ ಓದಬೇಕು, ಪೂರ್ಣಾವಧಿಯ ಲೆಕ್ಕಕ್ಕೆ ಹಿಡಿಯುವ ಆನ್‌ಲೈನ್ ಕ್ಲಾಸು ಒಂದಕ್ಕಿಂತ ಹೆಚ್ಚಿರುವಂತಿಲ್ಲ. ಈ ವಿಷಯಕ್ಕೆ ಒಪಿಟಿಯ (ಓದಿನ ನಂತರ ಕೆಲವು ಕಾಲ ಕೆಲಸ ಮಾಡುವ ಅನುಮತಿ) ಸ್ಟೆಮ್ ವಿಸ್ತರಣೆ, ಅಂದರೆ ವಿಜ್ಞಾನ-ತಂತ್ರಜ್ಞಾನ ಓದಿದವರಿಗೆ ಸಿಗುವ ಹೆಚ್ಚುವರಿ ಅವಧಿ, ಸಿಗದು, ಎಚ್-1ಬಿ ಹುದ್ದೆಗೆ ಕನಿಷ್ಠ ಬ್ಯಾಚುಲರ್ ಡಿಗ್ರಿ ಬೇಕು. ಎರಡು ವರ್ಷದ ಈ ಡಿಗ್ರಿಯನ್ನೇ ನಂಬಿ ಸಾಲ ಮಾಡಿ ಬರುವುದು ಸರಿಯಲ್ಲ.

ಕ್ಯಾಲಿಫೋರ್ನಿಯಾದಲ್ಲಿ ರಾಜ್ಯವಾಸಿಗಳಿಗೆ ಯೂನಿಟ್ಟಿಗೆ 46 ಡಾಲರ್. 60 ಯೂನಿಟ್ಟಿಗೆ 2,760 ಡಾಲರ್, ಮೇಲೆ ಸಣ್ಣಪುಟ್ಟ ಶುಲ್ಕ. ರಾಜ್ಯವಾಸಿ ಅಲ್ಲದವರಿಗೆ ಹಲವೆಡೆ ಯೂನಿಟ್ಟಿಗೆ 300 ಡಾಲರ್ ದಾಟುತ್ತದೆ. ಸೆಮಿಸ್ಟರ್ ಶುರುವಾಗುವ ಮುನ್ನ ಒಂದು ವರ್ಷ ಒಂದು ದಿನ ಅಲ್ಲಿ ನೆಲೆಸಿರುವುದಕ್ಕೆ ದಾಖಲೆ ತೋರಿಸಬೇಕು: ಬಾಡಿಗೆ ಕರಾರು, ರಾಜ್ಯ ತೆರಿಗೆ ರಿಟರ್ನ್, ಡ್ರೈವಿಂಗ್ ಲೈಸೆನ್ಸ್, ಗಾಡಿ ನೋಂದಣಿ. ಎಚ್-4ನವರೂ ಕ್ಯಾಲಿಫೋರ್ನಿಯಾದಲ್ಲಿ ರಾಜ್ಯವಾಸಿ ದರ ಪಡೆಯಬಹುದು ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಅರ್ಜಿಯಲ್ಲಿ ವೀಸಾ ಎಂದು ಕಂಡ ಕೂಡಲೇ ವ್ಯವಸ್ಥೆ ಹೊರರಾಜ್ಯದ ದರ ಹಾಕಿದ್ದರೆ, ಅಡ್ಮಿಷನ್ಸ್ ಕಚೇರಿಗೆ ದಾಖಲೆ ಸಮೇತ ಹೋಗಿ ರೆಸಿಡೆನ್ಸಿ ಮರುಪರಿಶೀಲನೆ ಕೇಳಿ. ಬಾಡಿಗೆ ಕರಾರು, ಬ್ಯಾಂಕ್ ಖಾತೆ ಎಲ್ಲವೂ ಗಂಡನ ಹೆಸರಿನಲ್ಲೇ ಇದ್ದರೆ ಹೆಂಡತಿಗೆ ಇಲ್ಲಿ ತೊಡಕಾಗುತ್ತದೆ, ಆದ್ದರಿಂದ ಒಂದು ವರ್ಷ ಮೊದಲೇ ಇಬ್ಬರ ಹೆಸರನ್ನೂ ಸೇರಿಸಿಕೊಳ್ಳಿ.

ಗ್ರೀನ್ ಕಾರ್ಡ್ ಇದ್ದವರು, ಪೌರತ್ವ ಪಡೆದವರು ಕೇಂದ್ರ ಸರ್ಕಾರದ ಹಣಕಾಸು ನೆರವಿಗಾಗಿ ಫಾಫ್ಸಾ ಅರ್ಜಿ ತುಂಬಬೇಕು; ಎಚ್-4ನವರಿಗೆ ಕೇಂದ್ರದ ನೆರವು ಇಲ್ಲ. ಕಡಿಮೆ ಆದಾಯದವರಿಗೆ ಸಿಗುವ, ವಾಪಸ್ ಕಟ್ಟಬೇಕಿಲ್ಲದ ಪೆಲ್ ಗ್ರಾಂಟ್ 2024-25ರಲ್ಲಿ ಗರಿಷ್ಠ 7,395 ಡಾಲರ್ ಇತ್ತು. ಆದರೆ ಅದು ಇನ್ನೂ ಬ್ಯಾಚುಲರ್ ಡಿಗ್ರಿ ಪಡೆಯದವರಿಗೆ ಮಾತ್ರ, ಭಾರತದ ಡಿಗ್ರಿಯೂ ಡಿಗ್ರಿಯೇ. ‘ಇಲ್ಲಿ ಓದಿದ್ದಲ್ಲವಲ್ಲ’ ಎಂದುಕೊಂಡು ಡಿಗ್ರಿ ಇಲ್ಲ ಎಂದು ಗುರುತು ಹಾಕಿ, ಆಮೇಲೆ ಹಣ ವಾಪಸ್ ಕಟ್ಟುವ ಪರಿಸ್ಥಿತಿ ತಂದುಕೊಳ್ಳಬೇಡಿ. ರಾಜ್ಯದ ಕ್ಯಾಲಿಫೋರ್ನಿಯಾ ಕಾಲೇಜ್ ಪ್ರಾಮಿಸ್ ಗ್ರಾಂಟ್ ಬೇರೆ: ಆದಾಯ ಕಡಿಮೆಯಿರುವ ರಾಜ್ಯವಾಸಿಗಳಿಗೆ ಆ 46 ಡಾಲರನ್ನೇ ಮನ್ನಾ ಮಾಡುತ್ತದೆ. ವೇಳಾಪಟ್ಟಿಯಲ್ಲಿ ‘ಜೀರೋ ಟೆಕ್ಸ್ಟ್‌ಬುಕ್ ಕಾಸ್ಟ್’ ಗುರುತಿರುವ ಕ್ಲಾಸು ಆರಿಸಿಕೊಂಡರೆ ಪುಸ್ತಕದ ಖರ್ಚೂ ಉಳಿಯುತ್ತದೆ.

ಕಾಲೇಜು ಆರಿಸುವುದು, ಅರ್ಜಿ ಹಾಕುವುದು

ಕಾಲೇಜಿನ ಹೆಸರಿಗಿಂತ ಅದರ ಫೀಲ್ಡ್‌ವರ್ಕ್ ವ್ಯವಸ್ಥೆ ನೋಡಿ. ವಿಭಾಗದ ಸಂಯೋಜಕರಿಗೆ ಮೂರು ಪ್ರಶ್ನೆ ಕೇಳಿ. ಕಾರ್ಯಕ್ರಮಕ್ಕೆ ಸಿಎಸ್‌ಎಚ್‌ಎಸ್‌ಇ ಮಾನ್ಯತೆ ಇದೆಯೇ? (ಹ್ಯೂಮನ್ ಸರ್ವೀಸಸ್ ಓದಿಗೆ ಮಾನ್ಯತೆ ಕೊಡುವ, 1979ರಲ್ಲಿ ಶುರುವಾದ ಈ ಮಂಡಳಿ ಅಸೋಸಿಯೇಟ್ ಮಟ್ಟಕ್ಕೆ ಕನಿಷ್ಠ 250 ಗಂಟೆ ಫೀಲ್ಡ್ ಅನುಭವ ಕೇಳುತ್ತದೆ. ಮಾನ್ಯತೆ ಇಲ್ಲದ ಒಳ್ಳೆಯ ಕಾರ್ಯಕ್ರಮಗಳೂ ಇವೆ, ಅಲ್ಲಿ ಗಂಟೆಗಳ ಲೆಕ್ಕವನ್ನು ನೀವೇ ಕೇಳಿ ತಿಳಿಯಬೇಕು.) ಫೀಲ್ಡ್ ಜಾಗವನ್ನು ಕಾಲೇಜು ಕೊಡಿಸುತ್ತದೋ, ವಿದ್ಯಾರ್ಥಿಯೇ ಹುಡುಕಬೇಕೋ? ಸಂಜೆ ಮತ್ತು ಶನಿವಾರದ ಫೀಲ್ಡ್‌ವರ್ಕ್ ಉಂಟೋ? ಮಕ್ಕಳನ್ನು ಮೂರು ಗಂಟೆಗೆ ಶಾಲೆಯಿಂದ ಕರೆತರಬೇಕಾದವರಿಗೆ ಮೂರನೆಯದರ ಉತ್ತರವೇ ಎಲ್ಲವನ್ನೂ ನಿರ್ಧರಿಸುತ್ತದೆ.

ಅರ್ಜಿ ಸಿಸಿಸಿಅಪ್ಲೈ ಜಾಲತಾಣದಲ್ಲಿ, ಉಚಿತ. ನಂತರ ಓರಿಯೆಂಟೇಷನ್, ಆಮೇಲೆ ಕೌನ್ಸೆಲರ್ ಜೊತೆ ಕೂತು ಎಜುಕೇಷನ್ ಪ್ಲಾನ್. ಈ ಎರಡನ್ನೂ ಮುಗಿಸಿದವರಿಗೆ ನೋಂದಣಿಯಲ್ಲಿ ಆದ್ಯತೆ. ಬಿಟ್ಟವರು ಲಾಗಿನ್ ಆಗುವ ಹೊತ್ತಿಗೆ ಸಂಜೆಯ ಕ್ಲಾಸುಗಳು ತುಂಬಿರುತ್ತವೆ.

ಊರಿನ ಮಾರ್ಕ್ಸ್ ಕಾರ್ಡುಗಳ ಮೌಲ್ಯಮಾಪನವನ್ನು ನೇಸಸ್ (ವಿದೇಶಿ ಪದವಿ ಅಳೆಯುವ ಸಂಸ್ಥೆಗಳ ಒಕ್ಕೂಟ) ಸದಸ್ಯ ಸಂಸ್ಥೆಯೊಂದರಿಂದ ಮಾಡಿಸಿ, ಡಬ್ಲ್ಯೂಇಎಸ್ ಅವುಗಳಲ್ಲೊಂದು. ಕೇಳಬೇಕಾದದ್ದು ಕೋರ್ಸ್-ಬೈ-ಕೋರ್ಸ್ ವರದಿ. ಅಗ್ಗವೆಂದು ಬರೀ ಡಿಗ್ರಿಯ ಸಮಾನತೆ ಹೇಳುವ ವರದಿ ತರಿಸಿದರೆ ಒಂದು ಯೂನಿಟ್ಟೂ ವರ್ಗವಾಗದು, ಮತ್ತೆ ದುಡ್ಡು ಕಟ್ಟಬೇಕು. ನಮ್ಮ ಕಡೆಯವರ ಹೆಸರಿನ ತೊಂದರೆಯೂ ಇದೆ: ಮಾರ್ಕ್ಸ್ ಕಾರ್ಡಿನಲ್ಲಿ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅವೇ ಊರಿನ ಹೆಸರು, ಅಪ್ಪನ ಹೆಸರಾಗಿ ಬಿಡಿಸಿಕೊಂಡಿರುತ್ತವೆ, ಮದುವೆಯ ನಂತರ ಮತ್ತೊಂದು. ಮೂರೂ ಒಬ್ಬರೇ ಎಂಬುದಕ್ಕೆ ಅಫಿಡವಿಟ್ ಮಾಡಿಸಿಡಿ. ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ನೇರವಾಗಿ ಕಳುಹಿಸಬೇಕಾದಾಗ ತಿಂಗಳುಗಳೇ ಹಿಡಿಯಬಹುದು. ಊರಿಗೆ ಹೋದಾಗಲೇ ಆ ಕೆಲಸ ಮುಗಿಸಿಬನ್ನಿ.

ಯಾವ ಕ್ಲಾಸು ಮೊದಲು

ಮೂರು ಯೂನಿಟ್ಟಿನ ಕ್ಲಾಸು ಎಂದರೆ ವಾರಕ್ಕೆ ಮೂರು ಗಂಟೆ ಪಾಠ, ಆರು ಗಂಟೆ ಮನೆಕೆಲಸ. ಚಿಕ್ಕ ಮಕ್ಕಳಿರುವವರು ಮೊದಲ ಸೆಮಿಸ್ಟರಿಗೆ ಎರಡೇ ಕ್ಲಾಸು ತಗೊಳ್ಳಿ: ಹ್ಯೂಮನ್ ಸರ್ವೀಸಸ್ ಪರಿಚಯ ಮತ್ತು ಇಂಗ್ಲಿಷ್ ಬರವಣಿಗೆ. ಇಂಗ್ಲಿಷನ್ನು ಮುಂದೂಡಬೇಡಿ, ಈ ಓದಿನಲ್ಲಿ ಪ್ರತಿ ಕ್ಲಾಸೂ ಬರವಣಿಗೆಯ ಕ್ಲಾಸೇ. ಎರಡನೆಯದರಲ್ಲಿ ಸೈಕಾಲಜಿ, ಸೋಶಿಯಾಲಜಿ, ಸಂದರ್ಶನ ಕೌಶಲ. ಮೂರನೆಯದರಲ್ಲಿ ಕೇಸ್ ಮ್ಯಾನೇಜ್‌ಮೆಂಟ್, ನೀತಿಸಂಹಿತೆ, ಫೀಲ್ಡ್‌ವರ್ಕಿನ ಮೊದಲ ಭಾಗ. ಬಿಎಸ್‌ಡಬ್ಲ್ಯೂಗೆ ಹೋಗುವವರು ಸ್ಟ್ಯಾಟಿಸ್ಟಿಕ್ಸ್ ಸೇರಿಸಿಕೊಳ್ಳಲೇಬೇಕು.

ವರ್ಗಾವಣೆಗೆ ಕ್ಯಾಲಿಫೋರ್ನಿಯಾದಲ್ಲಿ ‘ಸೋಶಿಯಲ್ ವರ್ಕ್ ಅಂಡ್ ಹ್ಯೂಮನ್ ಸರ್ವೀಸಸ್’ ಹೆಸರಿನ ಟ್ರಾನ್ಸ್‌ಫರ್ ಡಿಗ್ರಿ ಇದೆ. 60 ವರ್ಗಾಯಿಸಬಹುದಾದ ಯೂನಿಟ್, ಕನಿಷ್ಠ 2.0 ಜಿಪಿಎ (ಸರಾಸರಿ ಗ್ರೇಡ್) ಇದ್ದರೆ ಕ್ಯಾಲ್ ಸ್ಟೇಟ್ ಎಂಬ ರಾಜ್ಯ ವಿಶ್ವವಿದ್ಯಾಲಯಗಳ ವ್ಯವಸ್ಥೆಯಲ್ಲಿ ಜಾಗದ ಭರವಸೆ ಉಂಟು. ಇಂಥದ್ದೇ ಕ್ಯಾಂಪಸ್ಸಿನಲ್ಲಿ ಎಂಬ ಭರವಸೆ ಇಲ್ಲ. ಸ್ಯಾನ್ ಹೋಸೆ ಸ್ಟೇಟ್‌ನಂಥ ಬೇಡಿಕೆಯ ಕಡೆ ಹೋಗಬೇಕೆಂದರೆ 2.0 ಸಾಲದು ಎಂದೇ ತಿಳಿದು ಓದಿ. ಯಾವ ಕೋರ್ಸು ಎಲ್ಲಿ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಅಸಿಸ್ಟ್ ಡಾಟ್ ಆರ್ಗ್‌ನಲ್ಲಿ ನೋಂದಣಿಗೆ ಮುಂಚೆ ನೋಡಿ. ಮೇಲ್ಮಟ್ಟದ ಸೋಶಿಯಲ್ ವರ್ಕ್ ಕೋರ್ಸುಗಳ ಬದಲಿಗೆ ಕಮ್ಯುನಿಟಿ ಕಾಲೇಜಿನದ್ದು ನಡೆಯುವುದಿಲ್ಲ.

ಕ್ಲಾಸು ಕೈಮೀರುತ್ತಿದೆ ಅನ್ನಿಸಿದರೆ ಮೊದಲ ಎರಡು ವಾರದೊಳಗೆ ಬಿಟ್ಟರೆ ಹಣವೂ ವಾಪಸ್, ದಾಖಲೆಯೂ ಸ್ವಚ್ಛ. ನಂತರ ಬಿಟ್ಟರೆ ದಾಖಲೆಯಲ್ಲಿ ‘ಡಬ್ಲ್ಯೂ’ (ನಡುವೆ ಬಿಟ್ಟರು ಎಂಬ ಗುರುತು) ಬೀಳುತ್ತದೆ. ಸುಮ್ಮನೆ ಹೋಗುವುದನ್ನು ನಿಲ್ಲಿಸಿದರೆ ‘ಎಫ್’. ಹಣಕಾಸು ನೆರವು ಪಡೆಯುವವರು ತೆಗೆದುಕೊಂಡ ಯೂನಿಟ್ಟುಗಳಲ್ಲಿ ಸಾಮಾನ್ಯವಾಗಿ ಶೇ. 67 ಮುಗಿಸಲೇಬೇಕು.

ಕೇಳುವ ಕಲೆ

ಸಂದರ್ಶನ ಕೌಶಲದ ಕ್ಲಾಸಿನಲ್ಲಿ ಹಲವೆಡೆ ಸಹಪಾಠಿಯನ್ನು ಕ್ಲೈಂಟ್ (ನೆರವು ಕೇಳಿ ಬಂದವರು) ಮಾಡಿಕೊಂಡು 15-20 ನಿಮಿಷದ ರೋಲ್-ಪ್ಲೇ ರೆಕಾರ್ಡ್ ಮಾಡಿ, ಅಕ್ಷರಕ್ಕೆ ಇಳಿಸಿ ಒಪ್ಪಿಸಬೇಕು. ಮನೆಯಲ್ಲಿ ನಾಲ್ಕು ಜನರಿಗೆ ಬುದ್ಧಿ ಹೇಳಿ ಹೆಸರು ಮಾಡಿದವರಿಗೇ ಇಲ್ಲಿ ಅಂಕ ಹೋಗುವುದು. ಒಂದು ಉದಾಹರಣೆ ನೋಡಿ. ಕ್ಲೈಂಟ್ ಹೇಳುತ್ತಾರೆ: ‘ಮನೇಲಿ ಯಾರೂ ನನ್ನ ಮಾತು ಕೇಳಲ್ಲ. ಅತ್ತೆ ಬಂದ್ಮೇಲಂತೂ ಮುಗೀತು.’

ನಾಲಿಗೆ ತುದಿಗೆ ಬರುವ ಉತ್ತರ: ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಎಲ್ಲರ ಮನೇಲೂ ಇದ್ದದ್ದೇ.’ ಇಲ್ಲಿಗೆ ಮಾತು ನಿಂತಿತು. ‘ಯಾಕೆ, ಗಂಡನಿಗೆ ಹೇಳ್ಲಿಲ್ವಾ?’ ಎಂದರೂ ಅಷ್ಟೇ. ನಮ್ಮ ಮಾತಿನಲ್ಲಿ ‘ಯಾಕೆ’ ಎಂಬುದು ಪ್ರಶ್ನೆಗಿಂತ ಹೆಚ್ಚಾಗಿ ಆರೋಪ, ಅದನ್ನು ಕೇಳಿದವರು ತಮ್ಮನ್ನು ಸಮರ್ಥಿಸಿಕೊಳ್ಳಲು ಶುರುಮಾಡುತ್ತಾರೆ. ಬದಲಿಗೆ: ‘ಅತ್ತೆ ಬಂದ ಮೇಲೆ ನಿಮ್ಮ ಮಾತಿಗೆ ಮನೇಲಿ ಜಾಗವೇ ಇಲ್ಲ ಅನ್ನಿಸ್ತಿದೆ.’ ಆಮೇಲೆ ಸುಮ್ಮನಿರಿ. ಮನಸ್ಸಿನಲ್ಲಿ ಐದರ ತನಕ ಎಣಿಸಿ. ಆ ಮೌನದಲ್ಲೇ ಬಹಳಷ್ಟು ಸಲ ನಿಜವಾದ ವಿಷಯ ಹೊರಬರುತ್ತದೆ. ಬರದಿದ್ದರೆ: ‘ಬೆಳಗಿಂದ ರಾತ್ರಿವರೆಗೆ ಒಂದು ದಿನ ಹೇಗಿರುತ್ತೆ, ಹೇಳ್ತೀರಾ?’

ಈ ಕ್ರಮಕ್ಕೆ ಮೋಟಿವೇಷನಲ್ ಇಂಟರ್ವ್ಯೂಯಿಂಗ್ ಎಂದು ಹೆಸರು. ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರಾಲ್ನಿಕ್ ರೂಪಿಸಿದ್ದು. ತೆರೆದ ಪ್ರಶ್ನೆ, ಒಳ್ಳೆಯದನ್ನು ಗುರುತಿಸಿ ಹೇಳುವುದು, ಅವರ ಮಾತನ್ನೇ ಹಿಡಿದು ತಿರುಗಿ ಹೇಳುವುದು, ಕೊನೆಗೆ ಒಟ್ಟುಗೂಡಿಸುವುದು: ಇವು ನಾಲ್ಕು ಸಾಧನ. ಅಭ್ಯಾಸ ಹೀಗೆ ಮಾಡಿ. ರೆಕಾರ್ಡನ್ನು ಬರೆದಿಳಿಸಿ, ನಿಮ್ಮ ಪ್ರತಿ ಸಾಲಿನ ಪಕ್ಕ ‘ಪ್ರಶ್ನೆ’, ‘ತಿರುಗಿ ಹೇಳಿದ್ದು’, ‘ಸಲಹೆ’ ಎಂದು ಗುರುತು ಹಾಕಿ ಎಣಿಸಿ. ಒಂದು ಪ್ರಶ್ನೆಗೆ ಒಂದಾದರೂ ತಿರುಗಿ ಹೇಳಿದ್ದು ಇರಬೇಕು, ಎರಡಿದ್ದರೆ ಚೆನ್ನ. ಕೇಳದೇ ಕೊಟ್ಟ ಸಲಹೆ ಎಷ್ಟು ಬಂತು ನೋಡಿ. ಮೊದಲ ಸಲ ಆ ಸಂಖ್ಯೆ ಕಂಡು ಬೆಚ್ಚುವವರೇ ಹೆಚ್ಚು.

ಕೇಸ್ ನೋಟ್

ಕೇಸ್ ನೋಟ್ ಎಂದರೆ ಕ್ಲೈಂಟ್ ಜೊತೆಗಿನ ಪ್ರತಿ ಭೇಟಿಯ ಲಿಖಿತ ದಾಖಲೆ. ಮುಂದಿನ ವಾರ ನೀವು ರಜೆಯಲ್ಲಿದ್ದರೆ, ನಿಮ್ಮ ನೋಟ್ ಓದಿದ ಇನ್ನೊಬ್ಬರು ಕ್ಲೈಂಟ್‌ಗೆ ಮತ್ತೆ ಎಲ್ಲವನ್ನೂ ಕೇಳದೆ ಕೆಲಸ ಮುಂದುವರಿಸಲು ಆಗಬೇಕು. ಅದೇ ಒಳ್ಳೆಯ ನೋಟಿನ ಪರೀಕ್ಷೆ. ‘ಕ್ಲೈಂಟ್ ತುಂಬ ಬೇಜಾರಿನಲ್ಲಿದ್ದರು. ಬಾಡಿಗೆ ಸಮಸ್ಯೆ. ಸಮಾಧಾನ ಹೇಳಿ ಕಳುಹಿಸಿದೆ’ ಎಂದರೆ ಏನೂ ತಿಳಿಯುವುದಿಲ್ಲ. ಡಿಎಪಿ (ಡೇಟಾ, ಅಸೆಸ್‌ಮೆಂಟ್, ಪ್ಲಾನ್) ಎಂಬ ಮೂರು ಭಾಗದ ಕ್ರಮದಲ್ಲಿ ಅದನ್ನೇ ಬರೆದರೆ ಹೀಗಿರುತ್ತದೆ:

ಮಾಹಿತಿ: ‘ಎರಡು ತಿಂಗಳ ಬಾಡಿಗೆ ಬಾಕಿ, ನೋಟಿಸ್ ಬಂದಿದೆ’ ಎಂದು ಕ್ಲೈಂಟ್ ಹೇಳಿದರು. ಮಾರ್ಚ್ 4ರ ದಿನಾಂಕದ, ಬಾಡಿಗೆ ಕಟ್ಟಿ ಇಲ್ಲವೇ ಬಿಡಿ ಎಂಬ 3 ದಿನದ ನೋಟಿಸ್ ತೋರಿಸಿದರು. ಮಾತಾಡುವಾಗ ಎರಡು ಬಾರಿ ಅತ್ತರು. ಮನೆಯಲ್ಲಿ ಇಬ್ಬರು ಮಕ್ಕಳು.

ಅಂದಾಜು: ಮನೆ ಕಳೆದುಕೊಳ್ಳುವ ಅಪಾಯ ತುರ್ತಿನದು. ಕ್ಲೈಂಟ್ ಕೆಲಸದಲ್ಲಿದ್ದಾರೆ, ಕಂತಿನಲ್ಲಿ ಕಟ್ಟಲು ಸಿದ್ಧ. ತನಗೆ ಹಾನಿ ಮಾಡಿಕೊಳ್ಳುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಲಾಯಿತು, ಇಲ್ಲ ಎಂದರು.

ಯೋಜನೆ: ಕ್ಲೈಂಟ್ ಎದುರಿನಲ್ಲೇ 211ಕ್ಕೆ (ಸ್ಥಳೀಯ ನೆರವಿನ ಮಾಹಿತಿ ಕೊಡುವ ಸಹಾಯವಾಣಿ) ಕರೆ ಮಾಡಲಾಯಿತು. ನಾಳೆ 10ಕ್ಕೆ ಕಾನೂನು ನೆರವು ಕಚೇರಿ. ಕ್ಲೈಂಟ್ ಪೇ ಸ್ಟಬ್ ಮತ್ತು ಬಾಡಿಗೆ ಕರಾರು ತರುತ್ತಾರೆ. ಗುರುವಾರ 3ಕ್ಕೆ ನಾನು ಫೋನ್ ಮಾಡುತ್ತೇನೆ.

ಕಂಡದ್ದು ಒಂದು ಕಡೆ, ನೀವು ಅಂದುಕೊಂಡದ್ದು ಇನ್ನೊಂದು ಕಡೆ. ‘ಬೇಜಾರಿನಲ್ಲಿದ್ದರು’ ನಿಮ್ಮ ಊಹೆ. ‘ಎರಡು ಬಾರಿ ಅತ್ತರು’ ಕಂಡದ್ದು. ಅದೇ ದಿನ ಬರೆದು ಮುಗಿಸಿ, ಕ್ಲೈಂಟ್ ಮುಂದೊಂದು ದಿನ ಇದನ್ನು ಓದಬಹುದು ಎಂದೇ ನೆನಪಿಟ್ಟು ಬರೆಯಿರಿ. ಇಂಗ್ಲಿಷ್ ತಿದ್ದಿಸಲೆಂದು ನೋಟನ್ನು ಚಾಟ್‌ಬಾಟಿಗೆ ಹಾಕುವುದು, ಗೆಳತಿಗೆ ವಾಟ್ಸಾಪ್ ಮಾಡುವುದು ಗೌಪ್ಯತೆಯ ಉಲ್ಲಂಘನೆ, ಫೀಲ್ಡ್‌ವರ್ಕಿನಿಂದ ತೆಗೆದುಹಾಕಲು ಅಷ್ಟೇ ಸಾಕು.

ಫೀಲ್ಡ್‌ವರ್ಕ್

250 ಗಂಟೆಯನ್ನು ಎರಡು ಸೆಮಿಸ್ಟರಿಗೆ ಹಂಚಿದರೆ ತಲಾ 125; ವಾರಕ್ಕೆ 8 ಗಂಟೆಯಂತೆ 16 ವಾರಕ್ಕೆ 128. ಲೆಕ್ಕ ಎಷ್ಟು ಬಿಗಿ ಎಂದು ನೋಡಿ: ಮಗುವಿನ ಜ್ವರಕ್ಕೆಂದು ಎರಡು ದಿನ ತಪ್ಪಿದರೂ ಕೊನೆಯ ವಾರದಲ್ಲಿ ಗಂಟೆ ಸಾಲದೆ ಹೋಗುತ್ತದೆ. ಮೊದಲ ನಾಲ್ಕು ವಾರ 10 ಗಂಟೆಯಂತೆ ಮಾಡಿ 8 ಗಂಟೆ ಮುಂಗಡ ಇಟ್ಟುಕೊಳ್ಳಿ.

ತಯಾರಿ ಒಂದು ಸೆಮಿಸ್ಟರ್ ಮುಂಚೆ ಶುರುವಾಗಬೇಕು. ಕಾಲೇಜು ಮತ್ತು ಸಂಸ್ಥೆಯ ನಡುವೆ ಒಪ್ಪಂದಪತ್ರ ಇಲ್ಲದಿದ್ದರೆ ಅದಕ್ಕೇ ವಾರಗಟ್ಟಲೆ ಬೇಕು. ನಂತರ ಬೆರಳಚ್ಚು: ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಲೈವ್ ಸ್ಕ್ಯಾನ್ ಎನ್ನುತ್ತಾರೆ. ಫಲಿತಾಂಶ ಕೇಳಿದ ಸಂಸ್ಥೆಗಷ್ಟೇ ಹೋಗುತ್ತದೆ, ಆದ್ದರಿಂದ ಮಗುವಿನ ಶಾಲೆಯಲ್ಲಿ ಸ್ವಯಂಸೇವೆಗೆ ಕೊಟ್ಟ ಬೆರಳಚ್ಚು ಇಲ್ಲಿ ನಡೆಯದು.

ಆಮೇಲೆ ಟಿಬಿ ಪರೀಕ್ಷೆ. ಇಲ್ಲಿ ನಮ್ಮವರು ತಪ್ಪದೆ ಸಿಕ್ಕಿಬೀಳುತ್ತಾರೆ. ಊರಿನಲ್ಲಿ ಚಿಕ್ಕಂದಿನಲ್ಲೇ ಬಿಸಿಜಿ ಲಸಿಕೆ ಹಾಕಿಸಿಕೊಂಡವರಿಗೆ ಚರ್ಮದ ಪರೀಕ್ಷೆ ರೋಗವಿಲ್ಲದಿದ್ದರೂ ಪಾಸಿಟಿವ್ ತೋರಿಸಬಹುದು. ಆಗ ಎಕ್ಸ್-ರೇ, ವೈದ್ಯರ ಪತ್ರ ಎಂದು ದಿನ ಹೋಗುತ್ತದೆ. ಮೊದಲೇ ಐಜಿಆರ್‌ಎ ಎಂಬ ರಕ್ತಪರೀಕ್ಷೆ ಕೇಳಿ, ಬಿಸಿಜಿ ಅದಕ್ಕೆ ಅಡ್ಡಬರುವುದಿಲ್ಲ. ದಡಾರದಂಥ ಲಸಿಕೆಗಳ ಚೀಟಿ ಊರಲ್ಲೇ ಕಳೆದುಹೋಗಿದ್ದರೆ ರಕ್ತದಲ್ಲಿ ಪ್ರತಿಕಾಯ ಇರುವುದನ್ನು ತೋರಿಸುವ ಟೈಟರ್ ಪರೀಕ್ಷೆ ಮಾಡಿಸಬಹುದು.

ಕೌಟುಂಬಿಕ ಹಿಂಸೆಯ ಕ್ಷೇತ್ರಕ್ಕೆ ಹೋಗುವವರಿಗೆ ಕ್ಯಾಲಿಫೋರ್ನಿಯಾದಲ್ಲಿ 40 ಗಂಟೆಯ ಪ್ರತ್ಯೇಕ ತರಬೇತಿ ಬೇಕು. ದಕ್ಷಿಣ ಏಷ್ಯಾದ ಹೆಂಗಸರಿಗಾಗಿಯೇ ಇರುವ ಸಂಸ್ಥೆಗಳು ಹಲವು: ನ್ಯೂಜೆರ್ಸಿಯ ಮಾನವಿ 1985ರದು, ಬೇ ಏರಿಯಾದ ಮೈತ್ರಿ 1991ರದು, ನಾರಿಕಾ 1992ರದು. ಕನ್ನಡ ಬಲ್ಲ ಕಾರ್ಯಕರ್ತರು ಇಂಥ ಕಡೆ ಅಪರೂಪ. ನೋವನ್ನು ತಾಯ್ನುಡಿಯಲ್ಲಿ ಹೇಳಿಕೊಳ್ಳಲು ಸಿಕ್ಕಿದಾಗ ಮನುಷ್ಯರ ಭುಜ ಇಳಿಯುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಆದರೆ ಭಾಷೆ ಬರುತ್ತದೆ ಎಂದು ದುಭಾಷಿಯಾಗಲು ಒಪ್ಪಿಕೊಳ್ಳಬೇಡಿ. ನಿಮ್ಮ ಕ್ಲೈಂಟ್ ಜೊತೆ ಕನ್ನಡದಲ್ಲಿ ಮಾತಾಡುವುದು ಒಂದು, ವಕೀಲರ ಅಥವಾ ವೈದ್ಯರ ಮುಂದೆ ಅನುವಾದಿಸುವುದು ಇನ್ನೊಂದು. ಎರಡನೆಯದಕ್ಕೆ ತರಬೇತಿ ಬೇಕು. ಮಕ್ಕಳನ್ನು ಅಪ್ಪ-ಅಮ್ಮನ ಮಾತಿಗೆ ದುಭಾಷಿ ಮಾಡಿಕೊಳ್ಳುವುದಂತೂ ಬೇಡವೇ ಬೇಡ. ಮೊದಲ ವಾರವೇ ನಿಮ್ಮದೊಂದು ಪದಪಟ್ಟಿ ಮಾಡಿಕೊಳ್ಳಿ. ‘ರಿಸ್ಟ್ರೈನಿಂಗ್ ಆರ್ಡರ್’ ಎಂದರೆ ‘ಅವರು ನಿಮ್ಮ ಹತ್ತಿರ ಬರಬಾರದು, ಫೋನ್ ಮಾಡಬಾರದು ಅಂತ ಕೋರ್ಟು ಕೊಡುವ ಆದೇಶ’ ಎಂಬಷ್ಟು ಸರಳವಾಗಿ.

ಮಕ್ಕಳ ಮೇಲಿನ ದೌರ್ಜನ್ಯದ ಸಂಶಯ ಬಂದರೆ ಮ್ಯಾಂಡೇಟೆಡ್ ರಿಪೋರ್ಟರ್ (ವರದಿ ಮಾಡುವುದು ಕಾನೂನಿನಂತೆ ಕಡ್ಡಾಯವಾಗಿರುವವರು) ಆದವರು ಕ್ಯಾಲಿಫೋರ್ನಿಯಾದಲ್ಲಿ ಕೂಡಲೇ ಫೋನ್ ಮಾಡಿ, 36 ಗಂಟೆಯೊಳಗೆ ಲಿಖಿತ ವರದಿ ಕೊಡಬೇಕು. ‘ಸೂಪರ್‌ವೈಸರಿಗೆ ಹೇಳಿದೆ’ ಎಂಬುದರಿಂದ ಆ ಹೊಣೆ ತೀರುವುದಿಲ್ಲ. ಇಂಟರ್ನ್ ಆಗಿ ನಿಮ್ಮ ಸ್ಥಾನ ಏನು, ಯಾರಿಗೆ ಫೋನ್ ಮಾಡಬೇಕು, ಸೂಪರ್‌ವೈಸರ್ ಸಿಗದಿದ್ದರೆ ಏನು ಎಂಬುದನ್ನು ಮೊದಲ ದಿನವೇ ಕೇಳಿ ಬರೆದುಕೊಳ್ಳಿ. ಆತ್ಮಹತ್ಯೆಯ ಮಾತು ಬಂದರೆ ಎದ್ದುಹೋಗಬೇಡಿ, ಜೊತೆಗಿದ್ದೇ ಸೂಪರ್‌ವೈಸರನ್ನು ಕರೆಸಿ. 988 ಆತ್ಮಹತ್ಯೆ ತಡೆ ಸಹಾಯವಾಣಿ ಹಗಲು ರಾತ್ರಿ ಇರುತ್ತದೆ.

ಸಂಬಂಧದ ಗೆರೆ

ಸಣ್ಣ ಸಮುದಾಯದಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ ಇದು ದಿನನಿತ್ಯದ ಪ್ರಶ್ನೆ. ನಿಮ್ಮ ಕ್ಲೈಂಟ್ ಮುಂದಿನ ವಾರ ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ನಿಮ್ಮ ಹಿಂದೆಯೇ ನಿಂತಿರಬಹುದು. ಮೊದಲ ಭೇಟಿಯಲ್ಲೇ ಹೇಳಿಬಿಡಿ: ‘ಹೊರಗೆಲ್ಲಾದರೂ ಸಿಕ್ಕರೆ ನಾನಾಗಿ ಮಾತಾಡಿಸಲ್ಲ. ಬೇಜಾರು ಮಾಡ್ಕೋಬೇಡಿ, ನಿಮ್ಮ ಗುಟ್ಟು ಉಳಿಯಲಿ ಅಂತ. ನೀವು ನಕ್ಕರೆ ನಾನೂ ನಗ್ತೀನಿ.’ ಪಕ್ಕದಲ್ಲಿರುವ ನಿಮ್ಮ ಗಂಡ ‘ಯಾರದು, ಪರಿಚಯನಾ?’ ಎಂದರೆ ‘ಎಲ್ಲೋ ನೋಡಿದ ನೆನಪು’ ಎಂದಷ್ಟೇ ಹೇಳಿ ಮಾತು ಬದಲಿಸಿ.

ಕೇಸು ಮುಗಿದ ದಿನ ಎಲೆ-ಅಡಿಕೆ, ಬ್ಲೌಸ್ ಪೀಸು ಹಿಡಿದು ಬರುವವರಿದ್ದಾರೆ. ಬೇಡವೆಂದರೆ ಅವರಿಗೆ ಅವಮಾನ, ತೆಗೆದುಕೊಂಡರೆ ನಿಯಮ ಮುರಿದ ಭಯ. ಸಂಸ್ಥೆಯ ನೀತಿ ಏನೆಂದು ಮೊದಲೇ ತಿಳಿದಿರಿ; ತೆಗೆದುಕೊಳ್ಳಲು ಅವಕಾಶವಿದ್ದರೆ ಅದೇ ದಿನ ಸೂಪರ್‌ವೈಸರಿಗೆ ತಿಳಿಸಿ ನೋಟಿನಲ್ಲಿ ಬರೆಯಿರಿ. ನಿಮ್ಮ ಸ್ವಂತ ಫೋನ್ ನಂಬರ್ ಮಾತ್ರ ಯಾರಿಗೂ ಬೇಡ. ‘ಅಕ್ಕಾ, ಒಂದೇ ಒಂದು ಮಾತು’ ಎಂದು ರಾತ್ರಿ ಹನ್ನೊಂದಕ್ಕೆ ಬರುವ ಕರೆಗೆ ಒಂದು ಸಲ ಉತ್ತರಿಸಿದರೆ, ಎರಡನೆಯ ಸಲ ಉತ್ತರಿಸದೆ ಇರುವುದು ಆ ಹೆಂಗಸಿಗೆ ಕೈಬಿಟ್ಟಂತೆಯೇ ಆಗುತ್ತದೆ.

ಹೊರಡುವ ಮುನ್ನ

ಫೀಲ್ಡ್‌ವರ್ಕ್ ಮುಗಿಯಲು ಮೂರು ವಾರವಿರುವಾಗಲೇ ಕ್ಲೈಂಟ್‌ಗಳಿಗೆ ಹೇಳಿ, ಕೊನೆಯ ದಿನ ಅಲ್ಲ. ಮುಂದೆ ಯಾರು ನೋಡಿಕೊಳ್ಳುತ್ತಾರೋ ಅವರನ್ನು ಒಂದು ಭೇಟಿಗೆ ಜೊತೆಯಲ್ಲಿ ಕೂರಿಸಿಕೊಳ್ಳಿ. ಗಂಟೆಗಳ ಹಾಳೆಗೆ ಪ್ರತಿ ವಾರ ಸಹಿ ಹಾಕಿಸಿ. ಈ ಕ್ಷೇತ್ರದಲ್ಲಿ ಸೂಪರ್‌ವೈಸರುಗಳು ಕೆಲಸ ಬದಲಿಸುವುದು ಸಾಮಾನ್ಯ, ಸೆಮಿಸ್ಟರಿನ ಕೊನೆಗೆ ಒಟ್ಟಿಗೆ ಹಾಕಿಸಿದರಾಯಿತು ಎಂದು ಕಾದವರ ನೂರು ಗಂಟೆಗೆ ಸಾಕ್ಷಿಯೇ ಇಲ್ಲದಂತಾಗುತ್ತದೆ. ಸಹಿಯಾದ ಗಂಟೆಯ ಹಾಳೆಗಳು, ಮೌಲ್ಯಮಾಪನ, ಲೆಟರ್‌ಹೆಡ್ಡಿನಲ್ಲಿ ಒಂದು ಶಿಫಾರಸು ಪತ್ರ, ಪ್ರತಿ ಕೋರ್ಸಿನ ಸಿಲಬಸ್ ಪಿಡಿಎಫ್: ಇವೆಲ್ಲ ನಿಮ್ಮ ಸ್ವಂತ ಇಮೇಲಿನಲ್ಲಿರಲಿ, ಕಾಲೇಜಿನ ಇಮೇಲ್ ಡಿಗ್ರಿಯ ನಂತರ ಮುಚ್ಚಿಹೋಗಬಹುದು. ನಾಲ್ಕು ವರ್ಷ ಕಳೆದು ಎಂಎಸ್‌ಡಬ್ಲ್ಯೂಗೆ ಅರ್ಜಿ ಹಾಕುವಾಗ ಅವರು ಕೇಳುವುದು ಆ ಸಿಲಬಸ್ಸನ್ನೇ.